ಬ್ರೇಕ್ ಆಯಿಲಿನ ಡಬ್ಬಿ ಮನೆಯಲ್ಲೇ ಬದಲಿಸುವವರಿಗೆ

ಕಳೆದ ಮಳೆಗಾಲದಲ್ಲಿ ಪೆರ್ಲದ ಕಡೆಯ ಅಡಿಕೆ ತೋಟದವ್ರು ಒಬ್ರು ಬದಿಯಡ್ಕದ ನಮ್ಮ ಗ್ಯಾರೇಜಿಗೆ ಹಳೇ ಕಾರು ತಂದ್ರು, ಬ್ರೇಕ್ ಆಯಿಲ್ ಕಮ್ಮಿ ಆಗ್ತಾ ಉಂಟು, ಮೂರು ಸಲ ಹಾಕಿ ಆಯ್ತು ಅಂತ. ಬಾನೆಟ್ ಎತ್ತಿದ್ರೆ ಡಬ್ಬಿಯ ಕೆಳಗೆ ಬೂಸ್ಟರಿನ (ಪೆಡಲ್ ಒತ್ತುವ ಬಲ ಹೆಚ್ಚಿಸುವ ದುಂಡಗಿನ ಡಬ್ಬ) ಕಪ್ಪು ಪೈಂಟ್ ಎಲ್ಲ ಸಿಪ್ಪೆ ಎದ್ದ ಹಾಗೆ ಎದ್ದಿತ್ತು. ಬ್ರೇಕ್ ಆಯಿಲ್ ಪೈಂಟನ್ನು ತಿಂತದೆ, ಹಾಗಾಗಿ ಲೀಕ್ ಎಲ್ಲಿ ಅಂತ ಅಲ್ಲೇ ಗೊತ್ತಾಯ್ತು.

ಲೆವೆಲ್ ಇಳಿದ್ರೆ ಎಲ್ಲಾ ಸಲ ಲೀಕೇ ಅಲ್ಲ. ಪ್ಯಾಡ್ ಸವೆದ ಹಾಗೆ ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರ್ತದೆ, ಅಷ್ಟು ಆಯಿಲ್ ಅಲ್ಲಿಗೆ ಹೋಗ್ತದೆ, ಅದು ನಿಧಾನ, ತುಂಬಾ ತಿಂಗಳಲ್ಲಿ ಆಗುವಂಥದ್ದು. ವಾರದಲ್ಲಿ ಇಳಿದ್ರೆ ಲೀಕೇ. ಎರಡರಲ್ಲೂ ಸುಮ್ಮನೆ ತುಂಬಿಸಿ ಬಿಡುವುದು ತಪ್ಪು.

ಇನ್ನೊಂದು, ಎಲ್ರೂ "ಆಯಿಲ್" ಅಂತ ಹೇಳುದ್ರಿಂದಲೇ ಅನರ್ಥ ಆಗುವುದು. ಇದು ಆಯಿಲ್ ಅಲ್ಲ ಮಾರಾಯ್ರೇ! ಇಂಜಿನ್ ಆಯಿಲೋ ಗ್ರೀಸೋ ಒಂದು ಚಮಚ ಸೇರಿದ್ರೂ ಒಳಗಿನ ರಬ್ಬರೆಲ್ಲ ಊದಿಕೊಂಡು ಇಡೀ ಬ್ರೇಕ್ ಹಾಳು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬ್ರೇಕ್ ಆಯಿಲಿನ ದರ್ಜೆ ಇರ್ತದೆ, ಅದನ್ನೇ ಹಾಕಿ, ಡಾಟ್ 5 ಸಿಲಿಕಾನಿದ್ದು, ಇದಕ್ಕೆ ಸೇರಿಸ್ಲಿಕ್ಕಿಲ್ಲ. ಸೀಲ್ ಒಡೆದು ವರ್ಷ ಆದ ಬಾಟ್ಲಿ ಬೇಡವೇ ಬೇಡ, ಅದು ಗಾಳಿಯ ನೀರು ಹೀರ್ತದೆ, ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕೇಳುದೇ ಬೇಡ. ಡಾಟ್ 4 ಹೊಸದು ಕನಿಷ್ಠ 230 ಡಿಗ್ರಿಗೆ ಕುದಿಯುವಂಥದ್ದು, ನೂರಕ್ಕೆ ನಾಲ್ಕು ಪಾಲಿಗಿಂತ ಕಮ್ಮಿ ನೀರು ಸೇರಿದ್ರೂ ಸಾಕು, ಕುದಿಯುವ ಮಟ್ಟ 155ರ ಹತ್ತಿರಕ್ಕೆ ಇಳಿಯಬಹುದು. ಭಾಗಮಂಡಲದಿಂದ ಕರಿಕೆ ದಾರಿಯಾಗಿ ಪಾಣತ್ತೂರಿಗೆ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದ್ರೆ ಅದು ಒಳಗೆ ಕುದ್ದು ಆವಿಯಾಗಿ ಪೆಡಲ್ ನೆಲ ಮುಟ್ತದೆ.

ಡಬ್ಬಿ ತೆಗಿಯುದು ಕಷ್ಟ ಇಲ್ಲ. ಸಿರಿಂಜಿನಲ್ಲಿ ಹಳೇದನ್ನು ಎಳೆದು ತೆಗೀರಿ, ಕೆಳಗೆ ದಪ್ಪ ಬಟ್ಟೆ ಹಾಸಿ, ಗಾಡಿಯ ಪೈಂಟಿಗೆ ಬಿದ್ರೆ ಕೂಡಲೇ ನೀರು ಹೊಯ್ದು ತೊಳೀರಿ. ಲೆವೆಲ್ ಲೈಟಿನ ವೈರ್ ಬಿಡಿಸಿ, ಕೆಲವು ಗಾಡಿಗೆ ಒಂದು ಪಿನ್ನೋ ಸ್ಕ್ರೂವೋ ಇರ್ತದೆ, ಕ್ಲಚ್ಚಿನ ಪೈಪೂ ಇದೇ ಡಬ್ಬಿಗೆ ಬರುವ ಗಾಡಿ ಉಂಟು, ಅದನ್ನು ನೋಡಿಕೊಳ್ಳಿ, ಮತ್ತೆ ಆಚೆ ಈಚೆ ಅಲ್ಲಾಡಿಸಿ ಮೇಲಕ್ಕೆ ಎಳೀರಿ, ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ. ಡಬ್ಬಿ ಇಲ್ಲದಾಗ ಪೆಡಲ್ ಯಾರೂ ಮುಟ್ಟಬಾರದು, ಮಕ್ಕಳಿದ್ರೆ ಗಾಡಿಯ ಬಾಗಿಲು ಲಾಕ್ ಮಾಡಿ.

ಡಬ್ಬಿ ಕೂರುವುದು ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಮೇಲೆ, ಅಲ್ಲಿ ಅಡಿಯ ಎರಡು ರಬ್ಬರ್ ಬುಷ್ ಹೊಸದೇ ಹಾಕಿ. ಡಬ್ಬಿ ಮಾತ್ರ ತಂದು ಹಳೇ ಬುಷ್ಷಿನಲ್ಲೇ ಒತ್ತಿ ಕೂರಿಸಿ ಮತ್ತೆ ಲೀಕ್ ಅಂತ ಬಂದವರು ಎಷ್ಟೋ ಜನ. ಆ ತೋಟದವ್ರ ಗಾಡಿಯಲ್ಲೂ ಡಬ್ಬಿ ಗಟ್ಟಿ ಇತ್ತು, ಬುಷ್ ಕಲ್ಲಿನ ಹಾಗೆ ಆಗಿತ್ತು. ಒತ್ತುವಾಗ ಹೊಸ ಬ್ರೇಕ್ ಆಯಿಲನ್ನೇ ಸವರಿ, ತೆಂಗಿನೆಣ್ಣೆ ಬೇಡ.

ಆಮೇಲೆ ಹೊಸ ಆಯಿಲ್ ತುಂಬಿಸಿ ಪೈಪಿನೊಳಗೆ ಹೋದ ಏರ್ ತೆಗಿಬೇಕು, ಇದನ್ನೇ ಜನ ಬಿಡುದು. ಯಾವ ಚಕ್ರದಿಂದ ಶುರು ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಒಬ್ರು ಪೆಡಲ್ ಒತ್ಲಿ, ಒಬ್ರು ಚಕ್ರದ ಹತ್ತಿರದ ನಿಪ್ಪಲ್ (ಏರ್ ಬಿಡುವ ಸಣ್ಣ ಸ್ಕ್ರೂ) ಬಿಡ್ಲಿ, ಕಾಲು ತೆಗಿಯುವ ಮೊದಲೇ ನಿಪ್ಪಲ್ ಬಿಗಿ ಆಗ್ಬೇಕು, ಡಬ್ಬಿ ಖಾಲಿ ಆಗದ ಹಾಗೆ ನೋಡ್ತಾ ಇರ್ಬೇಕು. ಹಳೇ ಗಾಡಿಯಾದ್ರೆ ಪೆಡಲಿನ ಅಡಿಗೆ ಮರದ ತುಂಡು ಇಡಿ, ನೆಲದವರೆಗೆ ಒತ್ತಿದ್ರೆ ಮಾಸ್ಟರ್ ಸಿಲಿಂಡರಿನ ಒಳಗೆ ಯಾವತ್ತೂ ಸವೆಯದ ಜಾಗದ ತುಕ್ಕು ಸೀಲನ್ನು ಕೆರೆದು ಬಿಡ್ತದೆ. ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ಒಳಗೆ ಗಾಳಿ ಹೋದ್ರೆ ಕೆಲವು ಗಾಡಿಗೆ ಸ್ಕ್ಯಾನರೇ ಬೇಕು, ಆಗ ಗ್ಯಾರೇಜಿಗೆ ಟೋ ಮಾಡಿಸಿ, ಓಡಿಸಿಕೊಂಡು ಬರಬೇಡಿ.

ಪೆಡಲ್ ಗಟ್ಟಿ ಬಂದ ಮೇಲೆ ರಾತ್ರಿ ಡಬ್ಬಿಯ ಬುಡಕ್ಕೆ ಬಿಳಿ ಕಾಗದ ಸುತ್ತಿಡಿ. ಬೆಳಿಗ್ಗೆ ಕಾಗದ ಒದ್ದೆ ಇದ್ರೆ ಬುಷ್ ಕೂತಿಲ್ಲ, ಆವತ್ತು ಗಾಡಿ ತೆಗೀಬೇಡಿ.