403ರಿಂದ 157 ಕಳೆದರೆ

ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಅಂಚಿಗಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ವಾರಕ್ಕೊಮ್ಮೆ ಹೋಗಿ ಮಕ್ಕಳೊಂದಿಗೆ ಲೆಕ್ಕ ಮಾಡುವುದು ನನ್ನ ರೂಢಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಐದನೆಯ ತರಗತಿಯ ಮೂವರಿಗೆ 403ರಿಂದ 157ನ್ನು ಕಳೆಯಲು ಕೊಟ್ಟೆ. ಒಬ್ಬಳು 354 ಎಂದು ಬರೆದಳು. ಒಬ್ಬ 346, ಇನ್ನೊಬ್ಬ 156. ಸರಿಯಾದ ಉತ್ತರ 246. ಮೊದಲಿನ ನಾನಾಗಿದ್ದರೆ ಮೂರು ಪಾಟಿಗಳ ಮೇಲೂ ಒಂದೇ ಬಗೆಯ ಇಂಟು ಗುರುತು ಹಾಕಿ, ಕರಿಹಲಗೆಯ ಮೇಲೆ ಮತ್ತೊಮ್ಮೆ ಅದೇ ಲೆಕ್ಕವನ್ನು ಬಿಡಿಸಿ ತೋರಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಹಾಗೆ ಮಾಡಿ ಎಷ್ಟು ಮಕ್ಕಳ ಎಷ್ಟು ವರ್ಷಗಳನ್ನು ಹಾಳು ಮಾಡಿದೆನೋ ಎಂಬ ನೋವು ಈಗಲೂ ಇದೆ.

ಏಕೆಂದರೆ ಆ ಮೂರೂ ಉತ್ತರಗಳು ಅಜಾಗರೂಕತೆಯಿಂದ ಬಂದವಲ್ಲ, ಮೂವರೂ ಒಂದೊಂದು ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದಾರೆ. 354 ಬರೆದ ಹುಡುಗಿ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆದಿದ್ದಾಳೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದನ್ನು ಲೆಕ್ಕಿಸಿಲ್ಲ. ಏಳರಲ್ಲಿ ಮೂರು ಹೋದರೆ ನಾಲ್ಕು, ಐದರಲ್ಲಿ ಸೊನ್ನೆ ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಹೀಗೇಕೆ ಮಾಡಿದೆ ಎಂದು ಕೇಳಿದಾಗ ಅವಳು, "ಸರ್, ಯಾವಾಗಲೂ ದೊಡ್ಡದರಲ್ಲಿ ಸಣ್ಣದನ್ನೇ ಕಳೆಯಬೇಕಲ್ಲ" ಎಂದಳು. ಒಂದನೆಯ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತದು. 346 ಬರೆದವನು ಸೊನ್ನೆಯಿಂದ ಕಡ ತಂದು, ಆ ಸೊನ್ನೆಯನ್ನು ಒಂಬತ್ತು ಮಾಡಿದ್ದಾನೆ, ಆದರೆ ಸೊನ್ನೆಗೆ ಆ ಕಡವನ್ನು ಕೊಟ್ಟ ನೂರರ ಸ್ಥಾನದಲ್ಲಿ ಒಂದನ್ನು ಕಡಿಮೆ ಮಾಡುವುದನ್ನು ಬಿಟ್ಟಿದ್ದಾನೆ. 156 ಬರೆದವನು ಸೊನ್ನೆಯನ್ನು ದಾಟಿ ನೇರವಾಗಿ ನಾಲ್ಕರಿಂದಲೇ ಎರಡು ಸಲ ಕಡ ತಂದಿದ್ದಾನೆ. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ.

ಅಡಿಕೆ ಬೆಳೆಯುವ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಎಳೆಯ ಕಾಯಿ ಉದುರಿದರೆ ಕೊಳೆ ರೋಗವೆಂದು ತಿಳಿದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಹೊಡೆಸುತ್ತೇವೆ. ಸೋಗೆ ಹಳದಿಯಾಗಿ ಮರ ಸೊರಗಿದರೆ ಅದು ಹಳದಿ ಎಲೆ ರೋಗ. ಅದಕ್ಕೆ ಎಷ್ಟು ಬೋರ್ಡೋ ಹೊಡೆಸಿದರೂ ಪ್ರಯೋಜನವಿಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆ ರೋಗದ ಅಧ್ಯಯನವನ್ನು ಪ್ರಕಟಿಸಿದಾಗ ಮಾಡಿದ ದೊಡ್ಡ ಕೆಲಸ ಔಷಧಿ ಸೂಚಿಸಿದ್ದಷ್ಟೇ ಅಲ್ಲ, ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದ್ದು. ಕಾರಣ ಗೊತ್ತಾಗುವವರೆಗೆ ಕಾಯಿ ಉದುರುವುದು ತೋಟದವನ ಹಣೆಬರಹ, ಗೊತ್ತಾದ ಮೇಲೆ ಅದು ಔಷಧಿ ಹೊಡೆದು ತಡೆಯಬಹುದಾದ ರೋಗ. ಗಣಿತದ ವಿಷಯದಲ್ಲಿ ನಮ್ಮ ಊರುಗಳು ಇನ್ನೂ ಹಣೆಬರಹದ ಕಾಲದಲ್ಲೇ ಇವೆ. "ನಮ್ಮ ಮಗುವಿನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂದು ತಾಯಿ ತಂದೆ ಆ ಮಗುವಿನ ಎದುರಿಗೇ ಹೇಳುತ್ತಾರೆ, ಪರೀಕ್ಷೆ ಹತ್ತಿರ ಬಂದರೆ ತಾಯಿತ ಕಟ್ಟಿಸುತ್ತಾರೆ. ಮಗುವೂ ಅದನ್ನು ನಂಬಿಬಿಡುತ್ತದೆ.

ಕಂಪ್ಯೂಟರ್ ನಿಜವಾಗಿ ನೆರವಾಗಬಲ್ಲ ಜಾಗ ಇದು. ಆದರೆ ತಂತ್ರಜ್ಞಾನ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಸ್ಮಾರ್ಟ್ ಬೋರ್ಡು, ಬಣ್ಣದ ವಿಡಿಯೊ, ಹಾಡು. ಒಂದೇ ವಿಡಿಯೊವನ್ನು ಮೂವತ್ತು ಮಕ್ಕಳಿಗೆ ತೋರಿಸುವುದೆಂದರೆ ಎಲ್ಲ ಮರಗಳಿಗೂ ಒಂದೇ ಔಷಧಿ ಹೊಡೆಸಿದ ಹಾಗೆ. ಪೆರು ದೇಶದಲ್ಲಿ ಗ್ರಾಮೀಣ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್‌ಗಳನ್ನೇ ಹಂಚಿ, ಬಳಿಕ ಅಳೆದು ನೋಡಿದಾಗ ಗಣಿತದ ಕಲಿಕೆಯಲ್ಲಿ ಸುಧಾರಣೆ ಕಾಣಲಿಲ್ಲ. ಪೆಟ್ಟಿಗೆ ತಾನಾಗಿ ಏನನ್ನೂ ಕಲಿಸುವುದಿಲ್ಲ.

ಯಂತ್ರದಿಂದ ಕಲಿಸುವ ಆಸೆ ಹಳೆಯದು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ಗಣಿತದ ತರಗತಿಗೆ ಹೋಗಿ, ತಾವು ಬರೆದದ್ದು ಸರಿಯೋ ತಪ್ಪೋ ಎಂದು ತಿಳಿಯಲು ಮಕ್ಕಳು ಬಹಳ ಹೊತ್ತು ಕಾಯಬೇಕಾದುದನ್ನು ಕಂಡು, ಕೂಡಲೇ ಉತ್ತರ ತಿಳಿಸುವ ಬೋಧನಾ ಯಂತ್ರವೊಂದನ್ನು ಕಟ್ಟಿದರು. ಆದರೆ ಆ ಯಂತ್ರಕ್ಕೆ ತಿಳಿದಿದ್ದು ಸರಿ ಅಥವಾ ತಪ್ಪು, ಅಷ್ಟೇ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು 1978ರಲ್ಲಿ ಪ್ರಕಟಿಸಿದ ಕೆಲಸ ಬೇರೆ ದಾರಿ ಹಿಡಿಯಿತು. ಸಾವಿರಕ್ಕೂ ಹೆಚ್ಚು ಮಕ್ಕಳ ಕಳೆಯುವ ಲೆಕ್ಕಗಳನ್ನು ಮುಂದಿಟ್ಟುಕೊಂಡು, ಪ್ರತಿ ಮಗುವಿನ ತಪ್ಪುಗಳ ಹಿಂದಿರುವ ನಿಯಮವನ್ನು ಹುಡುಕುವ ಪ್ರೋಗ್ರಾಮನ್ನು ಅವರು ರೂಪಿಸಿದರು.

ಅದರ ಒಳಗುಟ್ಟು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪ್ರೋಗ್ರಾಮ್ ತಪ್ಪು ನಿಯಮಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಪ್ರತಿ ನಿಯಮದಂತೆ ತಾನೇ ಎಲ್ಲ ಲೆಕ್ಕಗಳನ್ನೂ ತಪ್ಪಾಗಿ ಮಾಡಿ, ಹಾಗೆ ಬಂದ ಉತ್ತರಗಳನ್ನು ಮಗುವಿನ ಉತ್ತರಗಳ ಪಕ್ಕದಲ್ಲಿಟ್ಟು, ಯಾವುದು ಹೊಂದುತ್ತದೆಂದು ನೋಡುತ್ತದೆ. ಹಸಿ ಮಣ್ಣಿನ ಮೇಲಿನ ಹೆಜ್ಜೆಯ ಗುರುತು ಕಂಡು ರಾತ್ರಿ ಗದ್ದೆಗೆ ಇಳಿದದ್ದು ಹಂದಿಯೋ ಕಾಡುಕೋಣವೋ ಎಂದು ಹೇಳುವುದು ಹೀಗೆಯೇ. ಬೀಗಕ್ಕೆ ಗೊಂಚಲಿನ ಒಂದೊಂದೇ ಕೀಲಿಯನ್ನು ಹಾಕಿ ತಿರುಗಿಸಿ ನೋಡುವುದೂ ಹೀಗೆಯೇ. ಗುರುತು ಸ್ಪಷ್ಟವಾಗಿ ಮೂಡಬೇಕಾದರೆ ಮಣ್ಣು ಹದವಾಗಿರಬೇಕಷ್ಟೆ. 465ರಿಂದ 132 ಕಳೆಯಿರಿ ಎಂದರೆ ಮೂವರೂ 333 ಎಂದೇ ಬರೆಯುತ್ತಾರೆ, ಏನೂ ತಿಳಿಯುವುದಿಲ್ಲ. 52ರಿಂದ 38 ಕಳೆಯಿರಿ ಎಂದರೆ ಹುಡುಗಿ ಮಾತ್ರ 26 ಎಂದು ಬರೆದು ಬೇರೆಯಾಗುತ್ತಾಳೆ, ಹುಡುಗರಿಬ್ಬರೂ ಸರಿಯಾಗಿ 14 ಎನ್ನುತ್ತಾರೆ. ನಡುವೆ ಸೊನ್ನೆಯಿರುವ 403 ಬಂದಾಗ ಮಾತ್ರ ಮೂವರ ದಾರಿಯೂ ಮೂರಾಗುತ್ತದೆ. ಒಳ್ಳೆಯ ಪ್ರಶ್ನೆ ಕಷ್ಟದ್ದಾಗಿರಬೇಕಿಲ್ಲ, ಮಕ್ಕಳ ಮನಸ್ಸಿನಲ್ಲಿರುವ ನಿಯಮಗಳನ್ನು ಬೇರ್ಪಡಿಸುವಂತಿರಬೇಕು.

ಸರಿಯುತ್ತರವೂ ಮೋಸ ಮಾಡಬಲ್ಲದು ಎಂಬುದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. 0.6 ಮತ್ತು 0.45ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, 45 ಆರಕ್ಕಿಂತ ದೊಡ್ಡದು ಎಂದುಕೊಂಡ ಮಗು 0.45 ಎನ್ನುತ್ತದೆ. ದಶಮಾಂಶದಲ್ಲಿ ಅಂಕಿಗಳು ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದೆಂದು ನಂಬಿದ ಮಗು 0.6 ಎಂದು ಸರಿಯಾಗಿ ಹೇಳಿ ಪೂರ್ತಿ ಅಂಕ ಪಡೆಯುತ್ತದೆ. ಅದೇ ಮಗುವನ್ನು 0.5 ಮತ್ತು 0.82ರ ಬಗ್ಗೆ ಕೇಳಿದರೆ 0.5 ದೊಡ್ಡದು ಎಂದುಬಿಡುತ್ತದೆ. ಇಂತಹ ಜೋಡಿ ಪ್ರಶ್ನೆಗಳನ್ನು ಪ್ರತಿ ಮಗುವಿಗೂ ಆಯ್ದು ಕೊಟ್ಟು, ಉತ್ತರಗಳನ್ನು ನೆನಪಿಟ್ಟು ಹೋಲಿಸುವುದು ಒಂದರಿಂದ ಐದನೆಯ ತರಗತಿಯವರೆಗೆ ಒಬ್ಬರೇ ನೋಡಿಕೊಳ್ಳುವ ಮಲೆನಾಡಿನ ಶಿಕ್ಷಕರಿಂದ ಆಗದ ಮಾತು. ಯಂತ್ರಕ್ಕೆ ಅದು ಕ್ಷಣದ ಕೆಲಸ.

ಮಗು ನಿಜವಾಗಿ ಎಲ್ಲಿದೆಯೋ ಅಲ್ಲಿಂದಲೇ ಕಲಿಸುವುದರಿಂದ ಫಲವಿದೆ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆಯಿದೆ. 2015ರಲ್ಲಿ ದೆಹಲಿಯಲ್ಲಿ 619 ಮಕ್ಕಳಲ್ಲಿ ಲಾಟರಿ ಎತ್ತಿ, ಆಯ್ಕೆಯಾದವರಿಗೆ ಶಾಲೆಯ ಅವಧಿ ಮುಗಿದ ಮೇಲೆ ಇಂತಹ ತಂತ್ರಾಂಶದೊಂದಿಗೆ ಕಲಿಯುವ ಅವಕಾಶ ಕೊಡಲಾಯಿತು. ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ ಅವರ ಪ್ರಗತಿ ಉಳಿದವರದಕ್ಕಿಂತ ಸರಿಸುಮಾರು ಎರಡು ಪಟ್ಟಾಯಿತು. ಅಲ್ಲಿ ಕಂಪ್ಯೂಟರ್ ಮಾತ್ರ ಇರಲಿಲ್ಲ, ಸಣ್ಣ ಗುಂಪುಗಳಲ್ಲಿ ಮನುಷ್ಯರು ಕಲಿಸುವ ವೇಳೆಯೂ ಅಷ್ಟೇ ಇತ್ತು ಎಂಬುದನ್ನು ಮರೆಯಬಾರದು.

ನಮ್ಮ ಕಡೆ ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ; ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಆದ್ದರಿಂದ ಇಂಟರ್‌ನೆಟ್ ಇಲ್ಲದೆಯೂ ಸಾಮಾನ್ಯ ಫೋನಿನಲ್ಲಿ ಓಡುವ ತಂತ್ರಾಂಶವಷ್ಟೇ ಇಲ್ಲಿ ಉಪಯೋಗಕ್ಕೆ ಬಂದೀತು. ನಾನು ನನ್ನ ಫೋನಿನ ಸ್ಪ್ರೆಡ್‌ಶೀಟಿನಲ್ಲಿ ಹನ್ನೆರಡು ಕಳೆಯುವ ಲೆಕ್ಕಗಳನ್ನೂ ಆರು ತಪ್ಪು ನಿಯಮಗಳನ್ನೂ ಸೂತ್ರಗಳಾಗಿ ಬರೆದಿಟ್ಟಿದ್ದೇನೆ. ಮಗುವಿನ ಉತ್ತರಗಳನ್ನು ತುಂಬಿದರೆ ಹೊಂದುವ ನಿಯಮದ ಸಾಲು ಹಸಿರಾಗುತ್ತದೆ.

354 ಬರೆದ ಹುಡುಗಿಯ ಜೊತೆ ಎರಡು ವಾರ ಆಟದ ನೋಟುಗಳನ್ನಿಟ್ಟುಕೊಂಡು ಕುಳಿತೆ. ಅಂಗಡಿಗೆ 38 ರೂಪಾಯಿ ಕೊಡಬೇಕು, ಕೈಯಲ್ಲಿ ಐದು ಹತ್ತರ ನೋಟು, ಎರಡು ರೂಪಾಯಿ ಚಿಲ್ಲರೆ. ಎರಡರಿಂದ ಎಂಟನ್ನು ಕೊಡಲಾಗದೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹತ್ತರ ನೋಟೊಂದನ್ನು ನನ್ನ ಕಡೆಗೆ ಚಾಚಿ, "ಚಿಲ್ಲರೆ ಕೊಡಿ ಸರ್" ಎಂದಳು. ಮೂರನೆಯ ವಾರ 5002ರಿಂದ 1847 ಕಳೆಯಲು ಕೊಟ್ಟೆ. ಹಳೆಯ ನಿಯಮದಂತೆ 4845 ಬರಬೇಕಿತ್ತು. ಅವಳು ಬರೆದದ್ದು 4155. ಫೋನಿನಲ್ಲಿ ಬೇರೊಂದು ಸಾಲು ಹಸಿರಾಯಿತು: ಸೊನ್ನೆಗಳನ್ನು ಒಂಬತ್ತು ಮಾಡಿ, ಸಾವಿರದ ಸ್ಥಾನದ ಐದನ್ನು ಹಾಗೇ ಬಿಟ್ಟಿದ್ದಳು. ನಾನು ನೋಟುಗಳ ಡಬ್ಬಿಯನ್ನು ಮತ್ತೆ ತೆರೆದು, ಈ ಸಲ ಸಾವಿರದ ನೋಟುಗಳನ್ನು ಎಣಿಸಿ ಅವಳ ಮುಂದಿಟ್ಟೆ.