ಎಷ್ಟು ಉಜ್ಜಿದರೂ ಟ್ಯಾಪೆಟ್ ಕವರ್ ಹೊಳೆಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟ. ತೋಟದ ಓಡಾಟಕ್ಕೆ ಇಟ್ಟುಕೊಂಡಿರುವ ಹಳೇ ಗಾಡಿಯ ಬಾನೆಟ್ ಎತ್ತಿದರೆ ಟ್ಯಾಪೆಟ್ ಕವರ್ (ಇಂಜಿನ್ ತಲೆಯ ಮುಚ್ಚಳ) ಸೇರಿ ಅಲ್ಯೂಮಿನಿಯಂ ಭಾಗಗಳೆಲ್ಲ ಬಿಳಿ ಬೂದಿ ಬಳಿದ ಹಾಗೆ ಕಾಣುತ್ತವೆ. ಪಾಲಿಶ್ ಪೇಸ್ಟ್ ತಂದು ಎರಡು ದಿನ ಉಜ್ಜಿದೆ. ಸ್ವಲ್ಪ ಬೆಳ್ಳಗಾಯಿತೇ ಹೊರತು ಹೊಳಪು ಬರಲಿಲ್ಲ. ಮನೆಯಲ್ಲೇ ಮಾಡಬಹುದಾ, ಇಲ್ಲ ಬಫಿಂಗ್, ಅಂದರೆ ಮಷಿನ್‌ನಲ್ಲಿ ಪಾಲಿಶ್ ಮಾಡುವವರಿಗೇ ಕೊಡಬೇಕಾ?

ಉತ್ತರ: ಮನೆಯಲ್ಲೇ ಮಾಡಬಹುದು. ಚಿಕ್ಕಮಗಳೂರಿನ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ನಾನು ಮಾಡಿದ್ದೇನೆ. ಆದರೆ ನೀವು ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿದ್ದೀರಿ. ಪೇಸ್ಟ್ ಬರುವುದು ಕೊನೆಯಲ್ಲಿ. ನಿಜವಾದ ಕೆಲಸವೆಲ್ಲ ಅದಕ್ಕೂ ಮುಂಚೆ ವಾಟರ್ ಪೇಪರ್‌ನದು, ಅಂದರೆ ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದದ್ದು.

ಟ್ಯಾಪೆಟ್ ಕವರ್, ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆ), ಥರ್ಮೋಸ್ಟಾಟ್ ಹೌಸಿಂಗ್ (ಕೂಲಿಂಗ್ ನೀರಿನ ವಾಲ್ವ್ ಕೂರುವ ಗೂಡು) ಇವೆಲ್ಲ ಸಾಮಾನ್ಯವಾಗಿ ಎರಕ ಹೊಯ್ದ ಭಾಗಗಳು. ಬೆರಳಿಟ್ಟು ಸವರಿ ನೋಡಿ, ರವೆ ಹರಡಿದ ಹಾಗೆ ತರಿತರಿ. ಅಂಥ ಮೈ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರಿ ಹೋಗುತ್ತದೆ. ಪೇಸ್ಟ್ ಹಾಕಿದರೆ ಆ ತರಿಗಳ ತುದಿ ಮಾತ್ರ ಮಿನುಗುತ್ತದೆ, ಗುಂಡಿಗಳಲ್ಲಿ ಪೇಸ್ಟ್ ಕೂತುಕೊಳ್ಳುತ್ತದೆ. ಮೊದಲು ಮೈ ಸಮ ಆಗಬೇಕು.

ಶುರು ಮಾಡುವ ಮುಂಚೆ ಆ ಭಾಗ ಏನು ಅಂತ ಗೊತ್ತು ಮಾಡಿಕೊಳ್ಳಿ. ಅಯಸ್ಕಾಂತ ಅಂಟಿದರೆ ಕಬ್ಬಿಣ, ಅದನ್ನು ಬಿಡಿ. ಈಚಿನ ಗಾಡಿಗಳಲ್ಲಿ ಎಷ್ಟೋ ಮ್ಯಾನಿಫೋಲ್ಡ್‌ಗಳು, ಕವರ್‌ಗಳು ಪ್ಲಾಸ್ಟಿಕ್ಕೇ ಆಗಿರುತ್ತವೆ. ಅಲ್ಯೂಮಿನಿಯಂ ಅಂತ ಖಾತ್ರಿಯಾದರೆ ಒಂದು ಮೂಲೆಗೆ ಚೂರು ಪೇಸ್ಟ್ ಹಚ್ಚಿ ಬಿಳಿ ಬಟ್ಟೆಯಲ್ಲಿ ತಿಕ್ಕಿ. ಬಟ್ಟೆ ಕೂಡಲೇ ಕಪ್ಪಾದರೆ ಅದು ಬರಿ ಲೋಹ, ಪಾಲಿಶ್ ಹಿಡಿಯುತ್ತದೆ. ಎಷ್ಟು ತಿಕ್ಕಿದರೂ ಬಟ್ಟೆ ಬಿಳಿಯಾಗೇ ಇದ್ದರೆ ಮೇಲೆ ಲ್ಯಾಕರ್ (ವಾರ್ನಿಷ್‌ನಂಥ ಲೇಪ) ಇದೆ, ಇಲ್ಲವೇ ಆನೋಡೈಸ್ ಆಗಿದೆ. ಲ್ಯಾಕರ್ ಆದರೆ ಪೇಂಟ್ ರಿಮೂವರ್‌ನಿಂದ ತೆಗೆಯಬಹುದು. ಆನೋಡೈಸ್ ಆಗಿದ್ದರೆ ಕೈ ಹಾಕಬೇಡಿ ಅಂತಲೇ ನನ್ನ ಸಲಹೆ. ಅದು ಲೋಹಕ್ಕೆ ರಕ್ಷಣೆಗೆ ಅಂತ ಕೊಟ್ಟ ಗಟ್ಟಿ ಪದರ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಭಾಗವನ್ನು ಇಂಜಿನ್‌ನಿಂದ ಬಿಚ್ಚಿಯೇ ಉಜ್ಜಬೇಕು. ವಾಟರ್ ಪೇಪರ್‌ನಿಂದ ಉದುರುವ ಕಣ ಲೋಹಕ್ಕಿಂತ ತುಂಬಾ ಗಟ್ಟಿ. ಅದು ಆಯಿಲ್ ಸೇರಿದರೆ ಬೇರಿಂಗ್‌ಗಳನ್ನು ಸುಮ್ನೆ ತಿಂದು ಹಾಕುತ್ತದೆ. ಬ್ಯಾಟರಿ ವೈರ್ ತೆಗೆದು, ಭಾಗ ಬಿಚ್ಚಿ, ತೆರೆದ ಇಂಜಿನ್ ಬಾಯಿಗೆ ಶುದ್ಧ ಬಟ್ಟೆ ಮುಚ್ಚಿಡಿ.

ಬಿಚ್ಚಿದ ಮೇಲೆ ತೊಳೆಯುವುದು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಜಿಡ್ಡು ಬೇಗ ಹೋಗಲಿ ಅಂತ ಕಾಸ್ಟಿಕ್ ಸೋಡಾ ನೀರಿಗೋ, ಬಾತ್‌ರೂಮ್ ತೊಳೆಯುವ ಆಸಿಡ್‌ಗೋ ಅದ್ದಿಬಿಡುತ್ತಾರೆ. ಅಲ್ಯೂಮಿನಿಯಂಗೆ ಎರಡೂ ಆಗುವುದಿಲ್ಲ. ಗಾಳಿಗೆ ಸಿಕ್ಕ ಕೂಡಲೇ ಈ ಲೋಹ ತನ್ನ ಮೇಲೆ ತಾನೇ ಒಂದು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಕೆಲವೇ ನ್ಯಾನೋಮೀಟರ್ ದಪ್ಪದ್ದು. ಅದೇ ಅದರ ಕವಚ. ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 4ರಿಂದ 8.5ರ ಒಳಗಿದ್ದರೆ ಆ ಕವಚ ನಿಲ್ಲುತ್ತದೆ. ಹುಳಿ ಅದಕ್ಕಿಂತ ಜಾಸ್ತಿಯಾದರೂ ಕರಗುತ್ತದೆ, ಕ್ಷಾರ ಜಾಸ್ತಿಯಾದರೂ ಕರಗುತ್ತದೆ. ಅಡುಗೆಮನೆಯಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ. ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾಗದಿರಲಿ ಅಂತ ಅಮ್ಮ ತಳದ ನೀರಿಗೆ ನಿಂಬೆ ಸಿಪ್ಪೆಯೋ ಹುಣಸೆಹಣ್ಣಿನ ಚೂರೋ ಹಾಕುತ್ತಾರೆ ಅಲ್ವಾ? ನೀರಿನ ಕ್ಷಾರದಿಂದ ಕುಕ್ಕರ್ ಕಪ್ಪಾಗುತ್ತದೆ, ಸ್ವಲ್ಪ ಹುಳಿ ಅದನ್ನು ತಡೆಯುತ್ತದೆ. ನಾನು ಮೊದಲ ಸಲ ಗೊತ್ತಿಲ್ಲದೆ ಸೋಡಾ ನೀರಲ್ಲಿ ಒಂದು ಬ್ರಾಕೆಟ್ ನೆನೆಸಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ನೀರು ನೊರೆ ನೊರೆ ಕುದಿಯುತ್ತಿತ್ತು, ಬ್ರಾಕೆಟ್ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಆ ಗುಳ್ಳೆಗಳು ಹೈಡ್ರೋಜನ್, ಬೆಂಕಿ ಹಿಡಿಯುವ ಗ್ಯಾಸ್. ಅವತ್ತಿನಿಂದ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಷ್ ಇಷ್ಟರಲ್ಲೇ ಮುಗಿಸುತ್ತೇನೆ. ಗಟ್ಟಿ ಜಿಡ್ಡಿದ್ದರೆ ಮೊದಲು ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಒಲೆಯಿಂದ ದೂರ ಕೂತು.

ಈಗ ವಾಟರ್ ಪೇಪರ್. ನಂಬರ್ ಜಾಸ್ತಿಯಾದಷ್ಟೂ ನಯ. ತರಿ ಜಾಸ್ತಿಯಿದ್ದರೆ 120ರಿಂದ, ಪರವಾಗಿಲ್ಲ ಅನ್ನುವಂತಿದ್ದರೆ 220ರಿಂದ ಶುರು ಮಾಡಿ. ಆಮೇಲೆ 400, 600, 800, 1000, 1500, ಕೊನೆಗೆ 2000. ಕಾಗದವನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ. ನೀರಿಗೆ ಎರಡು ಹನಿ ಸೋಪು ಬಿಡಿ. ಸಮತಟ್ಟು ಜಾಗಕ್ಕೆ ಕಾಗದವನ್ನು ರಬ್ಬರ್ ತುಂಡಿಗೆ ಸುತ್ತಿ ಹಿಡಿಯಿರಿ, ಇಲ್ಲದಿದ್ದರೆ ಬೆರಳು ಒತ್ತಿದ ಕಡೆ ಹಳ್ಳ ಬೀಳುತ್ತದೆ.

ಗುಟ್ಟು ಇರುವುದು ದಿಕ್ಕಿನಲ್ಲಿ. 220ರಲ್ಲಿ ಉದ್ದಕ್ಕೆ ಉಜ್ಜಿದರೆ 400ರಲ್ಲಿ ಅಡ್ಡಕ್ಕೆ ಉಜ್ಜಬೇಕು. 600ರಲ್ಲಿ ಮತ್ತೆ ಉದ್ದಕ್ಕೆ. ಹಿಂದಿನ ಕಾಗದ ಬಿಟ್ಟ ಗೀರುಗಳು ಒಂದೂ ಉಳಿಯದೆ ಹೋದ ಮೇಲೇ ಮುಂದಿನ ನಂಬರ್ ತೆಗೆದುಕೊಳ್ಳಿ. ದಿಕ್ಕು ಬದಲಿಸದಿದ್ದರೆ ಯಾವ ಗೀರು ಯಾವುದರದು ಅಂತ ಗೊತ್ತೇ ಆಗುವುದಿಲ್ಲ. ಪ್ರತಿ ಸಲವೂ ಭಾಗವನ್ನು ತೊಳೆದು, ಒರೆಸಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನನ್ನ ಟ್ಯಾಪೆಟ್ ಕವರ್ 1500ರ ತನಕ ಬಂದಾಗ ಮಂಜಿನ ಹಾಗೆ ಒಂದೇ ಸಮ ಬೂದು ಬಣ್ಣಕ್ಕೆ ಬಂದಿತ್ತು. ಆಯಿಲ್ ಮುಚ್ಚಳದ ಪಕ್ಕ ಮಾತ್ರ ಕೂದಲಿನಷ್ಟು ಸಣ್ಣದಾಗಿ ಮೂರು ಗೆರೆ, ಮಿಕ್ಕವುಗಳಿಗೆ ಅಡ್ಡವಾಗಿ. 220ರಲ್ಲಿ ಬಿದ್ದವು. 2000 ಹಾಕಿ ಎಷ್ಟು ಉಜ್ಜಿದರೂ ಅವು ಹೋಗಲಿಲ್ಲ, ಸುತ್ತಲಿನ ಜಾಗ ನಯವಾದಷ್ಟೂ ಎದ್ದು ಕಂಡವು. ಆ ಅಂಗೈ ಅಗಲದ ಜಾಗಕ್ಕೆ ಮತ್ತೆ 400ರಿಂದ ಬರಬೇಕಾಯಿತು. ಆ ಒಂದು ಕವರ್‌ಗೆ ನನಗೆ ಎರಡು ಭಾನುವಾರ ಹಿಡಿಯಿತು. ಆತುರ ಪಟ್ಟರೆ ಇದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ.

ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಕೂರುವ ಅಂಚನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಆಯಿಲ್ ಸೋರುತ್ತದೆ. ಆ ಅಂಚಿಗೂ ಬೋಲ್ಟ್ ತೂತುಗಳಿಗೂ ಮೊದಲೇ ಟೇಪ್ ಹಚ್ಚಿ. ಸಂದಿಗಳಿಗೆ ಅಂತ ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನೂ ಬಳಸಬೇಡಿ. ಅದರ ಚೂರುಗಳು ಅಲ್ಯೂಮಿನಿಯಂ ಒಳಗೆ ಸಿಕ್ಕಿಕೊಂಡು, ಮೊದಲ ಮಳೆಗೇ ಕಂದು ಚುಕ್ಕೆಗಳಾಗಿ ಏಳುತ್ತವೆ.

2000 ಮುಗಿದ ಮೇಲೆ ನಿಮ್ಮ ಪೇಸ್ಟ್ ಹೊರಗೆ ಬರಲಿ. ಬ್ರಾಸೋ ಆದರೂ ಸರಿ, ಆಟೋಸೋಲ್ ಆದರೂ ಸರಿ. ಹಳೇ ಬನಿಯನ್ ಬಟ್ಟೆಗೆ ಕಡಲೆಕಾಳಿನಷ್ಟು ತೆಗೆದುಕೊಂಡು ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕಿ. ಬಟ್ಟೆ ಮಸಿಯಂತೆ ಕಪ್ಪಾಗುತ್ತದೆ. ಅದು ಕೊಳೆ ಅಂದುಕೊಂಡು ನಿಲ್ಲಿಸಬೇಡಿ, ಲೋಹದ ನವಿರು ಪುಡಿಯೇ ಹಾಗೆ ಕಾಣುವುದು. ಕಪ್ಪು ಒಣಗುವ ಮೊದಲು ಇನ್ನೊಂದು ಶುದ್ಧ ಬಟ್ಟೆಯಲ್ಲಿ ಒರೆಸಿ ತೆಗೆದಾಗ ನಿಮ್ಮ ಮುಖ ಅದರಲ್ಲಿ ಕಾಣುತ್ತದೆ. ಆ ಕ್ಷಣದ ಖುಷಿಯನ್ನು ಮಾಡಿದವರೇ ಬಲ್ಲರು.

ಡ್ರಿಲ್ ಮಷಿನ್‌ಗೆ ಬಟ್ಟೆಯ ಬಫ್ ಚಕ್ರ ಸಿಕ್ಕಿಸಿದರೆ ಕೊನೆಯ ಹಂತ ಬೇಗ ಆಗುತ್ತದೆ. ಆದರೆ ಚಕ್ರ ಅಂಚಿಗೆ ಸಿಕ್ಕಿದರೆ ಭಾಗವನ್ನು ಕಿತ್ತು ಎಸೆಯುತ್ತದೆ. ಲುಂಗಿ, ದುಪಟ್ಟಾ, ಉಂಗುರ, ಸಡಿಲವಾದ ಕೈಗವಸು ಯಾವುದೂ ಬೇಡ. ಕನ್ನಡಕ ಮತ್ತು ಮಾಸ್ಕ್ ಬೇಕೇ ಬೇಕು. ಅಲ್ಯೂಮಿನಿಯಂ ಪುಡಿಯನ್ನು ಪಟಾಕಿಗೆ ಹಾಕುತ್ತಾರೆ ಅನ್ನುವುದು ನೆನಪಿರಲಿ. ಮುಚ್ಚಿದ ಕೋಣೆಯಲ್ಲಿ, ಒಲೆ ಪಕ್ಕ, ಕಬ್ಬಿಣ ಗ್ರೈಂಡ್ ಮಾಡಿ ಕಿಡಿ ಹಾರುವ ಜಾಗದಲ್ಲಿ ಬಫಿಂಗ್ ಮಾಡಲೇಬಾರದು.

ಇನ್ನು ನಿಮ್ಮ ಗಾಡಿ ಯಾಕೆ ಹಾಗೆ ಬೆಳ್ಳಗಾಯಿತು ಅನ್ನುವ ವಿಷಯ. ಪುನರ್ವಸು, ಪುಷ್ಯ ಮಳೆ ಹಿಡಿದರೆ ನಮ್ಮ ಕಡೆ ಬಾನೆಟ್ ಒಳಗೂ ಪಸೆ ಆರುವುದಿಲ್ಲ. ಬಿಳಿ ಪುಡಿ ಏಳಲು ಅಷ್ಟೇ ಸಾಕು. ತೋಟದ ಗಾಡಿಗೆ ಇನ್ನೂ ಎರಡು ಶತ್ರುಗಳಿವೆ. ಒಂದು ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಗಿಡಗಳಿಗೆ ಹೊಡೆಯುವ ಔಷಧಿ. ಅದರಲ್ಲಿರುವ ಸುಣ್ಣ ಕ್ಷಾರ. ಮೈಲುತುತ್ತದಲ್ಲಿ ಇರುವುದು ತಾಮ್ರ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಕತ್ತಿ ಅದ್ದುತ್ತೀರಲ್ಲ, ಸುಣ್ಣ ಕಮ್ಮಿಯಾಗಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಂಥ ದ್ರಾವಣದ ಹನಿ ಬಿದ್ದರೆ ಅಲ್ಯೂಮಿನಿಯಂ ಮೇಲೂ ಹಾಗೇ ಕೂರುತ್ತದೆ. ತಾಮ್ರ ಕೂತ ಜಾಗದಲ್ಲಿ ಅಲ್ಯೂಮಿನಿಯಂ ಗುಂಡಿ ಗುಂಡಿಯಾಗಿ ಸವೆಯುತ್ತದೆ. ಇನ್ನೊಂದು ಪೊಟ್ಯಾಷ್ ಗೊಬ್ಬರ. ಎಂಒಪಿ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಕ್ಲೋರೈಡ್ ಆ ಆಕ್ಸೈಡ್ ಕವಚವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಔಷಧಿ ಹೊಡೆಯುವಾಗ ಗಾಡಿಯನ್ನು ಗಾಳಿ ಬರುವ ದಿಕ್ಕಿನಲ್ಲಿ, ದೂರದಲ್ಲಿ ನಿಲ್ಲಿಸಿ. ಗೊಬ್ಬರ ಇಳಿಸಿದ ದಿನವೇ ಗಾಡಿಯನ್ನು ಬರಿ ನೀರಲ್ಲಿ ತೊಳೆಸಿ.

ಪಾಲಿಶ್ ಆದ ಮೇಲೆ ವ್ಯಾಕ್ಸ್ ಹಾಕಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಹಾಕಿ, ಆದರೆ ಬಿಸಿ ಜಾಗದಲ್ಲಿ ನಿಲ್ಲುವುದಿಲ್ಲ. ಕಾರ್ನೌಬಾ ವ್ಯಾಕ್ಸ್ 82ರಿಂದ 86 ಡಿಗ್ರಿಗೆ ಕರಗುತ್ತದೆ, ಓಡುವ ಇಂಜಿನ್‌ನ ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) 90ರ ಆಸುಪಾಸು ಇರುತ್ತದೆ. ಮಾಮೂಲಿ ಲ್ಯಾಕರ್ ಸ್ಪ್ರೇ ಬಿಸಿಗೆ ಹಳದಿಯಾಗುತ್ತದೆ. ನಾನು ಎರಡೂ ಬಿಟ್ಟು ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಪೇಸ್ಟ್ ಮಾತ್ರ ತಿಕ್ಕುತ್ತೇನೆ. ಮೈ ಒಮ್ಮೆ ಸಮವಾಗಿದ್ದರೆ ಅದು ಅರ್ಧ ಗಂಟೆಯ ಕೆಲಸ.

ವಾಪಸ್ ಜೋಡಿಸುವ ಮೊದಲು ಭಾಗವನ್ನು ಒಳಗೂ ಹೊರಗೂ ಮತ್ತೆ ತೊಳೆದು ಕಾಫಿ ಕಣದ ಬಿಸಿಲಲ್ಲಿ ಪೂರಾ ಒಣಗಿಸಿ. ಹೊಸ ಗ್ಯಾಸ್ಕೆಟ್ ಹಾಕಿ. ಬೋಲ್ಟ್‌ಗಳನ್ನು ನಡುವಿನಿಂದ ಅಂಚಿಗೆ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅಲ್ಯೂಮಿನಿಯಂ ಥ್ರೆಡ್ ಬೇಗ ಕಿತ್ತು ಬರುತ್ತದೆ. ಇಂಜಿನ್ ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಕವರ್ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಆಯಿಲ್ ಕಲೆ ಕಾಣದಿದ್ದರೆ ಬಾನೆಟ್ ಮುಚ್ಚಬಹುದು.