ಸಂಚಿತ ರಜೆ, ಅಭಿವಚನ ರಜೆ: ಶಿಕ್ಷೆಯ ನಡುವೆ ಮನೆಗೆ ಬರುವ ದಾರಿ ಹೇಗೆ ರೂಪುಗೊಂಡಿತು

ಪುಣೆಯ ಯೆರವಡಾ ಜೈಲಿನ ಅರ್ಜಿಗಳಲ್ಲಿ ಫರ್ಲೋಗೆ ‘ಸಂಚಿತ ರಜಾ’ ಎನ್ನುತ್ತಾರೆ, ಪೆರೋಲ್‌ಗೆ ‘ಅಭಿವಚನ ರಜಾ’. ಇಂಡಿ, ಆಳಂದ, ಜೇವರ್ಗಿ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆಸಿದ ನಮ್ಮವರು ಎರಡಕ್ಕೂ ಪೆರೋಲ್ ಎಂದೇ ಹೇಳುತ್ತಾರೆ. ತೊಡಕು ಅಲ್ಲಿಂದಲೇ ಶುರು. ಸಂಚಿತ ಎಂದರೆ ಕೂಡಿಟ್ಟದ್ದು. ಇಷ್ಟು ವರ್ಷ ಒಳಗಿದ್ದದ್ದಕ್ಕೆ ಸಿಗುವ ಆ ರಜೆಗೆ ಕಾರಣ ಹೇಳಬೇಕಿಲ್ಲ. ಅಭಿವಚನ ಎಂದರೆ ಕೊಟ್ಟ ಮಾತು. ಅದಕ್ಕೆ ಸಾವು, ಮದುವೆ, ಕಾಯಿಲೆ, ಹೆರಿಗೆ, ಮನೆ ಕುಸಿತದಂಥ ಕಾರಣ ಬೇಕು.

ಎರಡರ ಬೇರೂ 1959ರ ಮುಂಬಯಿ ಫರ್ಲೋ ಮತ್ತು ಪೆರೋಲ್ ನಿಯಮಗಳಲ್ಲಿದೆ. ಆಗ ಗುಜರಾತ್ ಮುಂಬಯಿ ರಾಜ್ಯದೊಳಗೇ ಇತ್ತು, ಆದ್ದರಿಂದ ಅದೇ ನಿಯಮ ಅಲ್ಲೂ ಉಳಿಯಿತು. ವಿಜಾಪುರ, ಧಾರವಾಡ ಮಾತ್ರ 1956ರಲ್ಲೇ ಮೈಸೂರಿಗೆ ಸೇರಿದ್ದವು, ಆದ್ದರಿಂದ ಈ ನಿಯಮ ಅಲ್ಲಿಗೆ ಅನ್ವಯಿಸಲಿಲ್ಲ. ‘ಊರಲ್ಲಿ ನಮ್ಮವರಿಗೆ ಇಷ್ಟು ದಿನ ಕೊಟ್ಟಿದ್ದರು’ ಎಂಬ ಮಾತು ಯೆರವಡಾದಲ್ಲಿ ನಡೆಯದಿರುವುದು ಇದಕ್ಕೇ.

ಮೂಲ ನಿಯಮದಲ್ಲಿ ಫರ್ಲೋ ಒಂದು ಸಲಕ್ಕೆ 2 ವಾರ ಇತ್ತು. 5 ವರ್ಷದೊಳಗಿನ ಶಿಕ್ಷೆಯವರಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹೆಚ್ಚಿನವರಿಗೆ 2 ವರ್ಷಕ್ಕೊಮ್ಮೆ, ಜೀವಾವಧಿಯವರಿಗೆ 7 ವರ್ಷ ಒಳಗೆ ಕಳೆದ ಮೇಲೆ ಪ್ರತಿವರ್ಷ. ಮೂಲ 4ನೇ ನಿಯಮ ಯಾರಿಗೆ ಇಲ್ಲ ಎಂದು ಹೇಳಿತ್ತು: ಸುಲಿಗೆ, ದರೋಡೆಯಲ್ಲಿ ಶಿಕ್ಷೆಯಾದವರು, ನಡತೆ ಸರಿಯಿಲ್ಲದವರು, ಹಿಂದೆ ತಪ್ಪಿಸಿಕೊಂಡವರು ಅಥವಾ ಹೇಳಿದ ದಿನಕ್ಕೆ ಮರಳದವರು, ಸಾರ್ವಜನಿಕ ಶಾಂತಿಗೆ ಭಂಗ ಬರುತ್ತದೆಂದು ಪೊಲೀಸ್ ಆಯುಕ್ತರೋ ಜಿಲ್ಲಾ ದಂಡಾಧಿಕಾರಿಯೋ ಶಿಫಾರಸು ಮಾಡದವರು. 17ನೇ ನಿಯಮ ಒಂದೇ ಸಾಲಿನದು: ಫರ್ಲೋ ಕೈದಿಯ ಕಾನೂನುಬದ್ಧ ಹಕ್ಕಲ್ಲ.

ಕೋರ್ಟುಗಳು ಜಗ್ಗಾಡಿದ್ದು ಆ ಸಾಲಿನ ಸುತ್ತ. 2006ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 17ನೇ ನಿಯಮವನ್ನೇ ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ಅಪರಾಧ ಘೋರವಾದದ್ದು ಎಂಬ ಒಂದೇ ಕಾರಣಕ್ಕೆ ಪೆರೋಲ್ ತಳ್ಳಿಹಾಕಬಾರದು, ಕೈದಿಗೂ ಮನೆಯವರಿಗೂ ನಂಟು ಉಳಿಯಬೇಕು ಎಂದಿತು. 2021ರ ಅಕ್ಟೋಬರ್‌ನಲ್ಲಿ, ಅತ್ಯಾಚಾರ ಪ್ರಕರಣದಲ್ಲಿ ಶಿಕ್ಷೆಯಾದ ಆಸಾರಾಂ ಮಗ ನಾರಾಯಣ ಸಾಯಿಗೆ ಗುಜರಾತ್ ಹೈಕೋರ್ಟ್ ಕೊಟ್ಟಿದ್ದ 2 ವಾರದ ಫರ್ಲೋವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜೈಲಿನೊಳಗೆ ಮೊಬೈಲ್ ಇಟ್ಟುಕೊಂಡದ್ದೂ ಅವರ ವಿರುದ್ಧ ಲೆಕ್ಕಕ್ಕೆ ಬಂತು. ನಿಯಮ ಒಂದೇ ಆದ್ದರಿಂದ ಆ ತೀರ್ಪು ಪುಣೆಗೂ ಮುಟ್ಟುತ್ತದೆ.

ಈ ತೀರ್ಪುಗಳನ್ನು ಒಟ್ಟಿಗೆ ಓದಿದರೆ ‘ಹಕ್ಕು ಹೌದೋ ಅಲ್ಲವೋ’ ಎಂಬುದಕ್ಕಿಂತ ನಿರಾಕರಣೆಗೆ ಬರೆದ ಕಾರಣವೇ ಮುಖ್ಯ. ‘ಓಡಿಹೋಗುವ ಸಂಭವವಿದೆ’ ಎಂಬ ಅಚ್ಚು ಹೊಡೆದಂಥ ಸಾಲು ಇದ್ದರೆ ಹೈಕೋರ್ಟಿನಲ್ಲಿ ಪ್ರಶ್ನಿಸಲು ಜಾಗವಿದೆ. ಹಿಂದೆ 5 ದಿನ ತಡವಾಗಿ ಬಂದದ್ದು ದಾಖಲೆಯಲ್ಲಿದ್ದರೆ ಕಷ್ಟ. ಆದ್ದರಿಂದ ನಿರಾಕರಣೆಯ ಆದೇಶದ ಪ್ರತಿ ಬರಹದಲ್ಲಿ ಕೇಳಿ ಪಡೆಯಲೇಬೇಕು. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಬಂಧನದಲ್ಲಿರುವ ಯಾರಿಗಾದರೂ, ಆದಾಯ ನೋಡದೆ, ಉಚಿತ ವಕೀಲರು ಸಿಗುತ್ತಾರೆ.

ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಪೊಲೀಸ್ ವಿಚಾರಣೆಯಲ್ಲಿ. ಜಾಮೀನುದಾರರ ಮನೆಗೆ ಠಾಣೆಯವರು ಬರುತ್ತಾರೆ. ಜಾಮೀನಾಗುವ ಅಣ್ಣ ಹಡಪಸರದ ಬಾಡಿಗೆ ಕೋಣೆಯಲ್ಲಿದ್ದು ಆಧಾರ್‌ನಲ್ಲಿ ಅಫಜಲಪುರದ ವಿಳಾಸವಿದ್ದರೆ ಕಾಗದ ಊರಿನ ಠಾಣೆಗೆ ಹೋಗಬಹುದು. ಅಲ್ಲಿ ಮನೆಗೆ ಬೀಗ. ‘ಸದರಿ ಆಸಾಮಿ ಇಲ್ಲಿ ವಾಸವಿಲ್ಲ’ ಎಂದು ಬರೆದರೆ ಮುಗಿಯಿತು. ಯಾವ ವಿಳಾಸದಲ್ಲಿ ಇರುತ್ತಾರೋ ಅದೇ ವಿಳಾಸದ ಕಾಗದ, ಅಲ್ಲೇ ಸಿಗುವ ಜಾಮೀನುದಾರರು: ಅರ್ಜಿಗೆ ಮುಂಚೆ ಇವೆರಡು ಹೊಂದಬೇಕು.

ತುರ್ತು ಪೆರೋಲ್ ಬೇರೆ. 2018ರ ತಿದ್ದುಪಡಿಯಂತೆ ಹೆತ್ತವರು, ಸಂಗಾತಿ, ಮಕ್ಕಳು, ಒಡಹುಟ್ಟಿದವರ ಸಾವಿಗೆ, ಮಕ್ಕಳ ಅಥವಾ ಒಡಹುಟ್ಟಿದವರ ಮದುವೆಗೆ 14 ದಿನ. ವಿಸ್ತರಣೆ ಇಲ್ಲ. ಸಾವಿನ ಸಂದರ್ಭದಲ್ಲಿ ಜೈಲು ಅಧೀಕ್ಷಕರೇ ಬಿಡಬಹುದು. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಓದಲು ಆಸ್ಟ್ರೇಲಿಯಾಕ್ಕೆ ಹೊರಟ ಮಗನನ್ನು ಬೀಳ್ಕೊಡಲು ತಂದೆಗೆ ಪೆರೋಲ್ ಕೊಟ್ಟಿತು. ದುಃಖಕ್ಕೆ ಬಿಡುವುದಾದರೆ ಸಂತೋಷಕ್ಕೇಕೆ ಬಿಡಬಾರದು ಎಂಬುದು ಅದರ ತರ್ಕ. ಮನುಷ್ಯರನ್ನು ಅರಿತ ತೀರ್ಪು ಅದು.

ಕೊರೊನಾ ಕಾಲದ ಜಗಳವೂ ನೆನಪಿಡಬೇಕಾದದ್ದು. 2020ರ ಮೇ 8ರಂದು ಮಹಾರಾಷ್ಟ್ರ 45 ದಿನದ ತುರ್ತು ಪೆರೋಲ್ ತಂದಿತು. 7 ವರ್ಷಕ್ಕಿಂತ ಹೆಚ್ಚು ಶಿಕ್ಷೆಯವರು ಹಿಂದಿನ 2 ಬಿಡುಗಡೆಗಳಲ್ಲಿ ಸಮಯಕ್ಕೆ ಮರಳಿರಬೇಕೆಂಬ ಷರತ್ತು ಹಾಕಿತು. ಒಮ್ಮೆಯೂ ಹೊರಬರದವರು ಏನು ಮಾಡಬೇಕು? ಅಂಥವರನ್ನು ಅದೇ ಕಾರಣಕ್ಕೆ ತಡೆಯಲಾಗದು ಎಂದು ಹೈಕೋರ್ಟ್ ಹೇಳಬೇಕಾಯಿತು.

ದಿನಗಳ ಲೆಕ್ಕದಲ್ಲೂ ಮೋಸ ಹೋಗುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಫರ್ಲೋ ದಿನಗಳು ಮಾಫಿ (ಶಿಕ್ಷೆಯ ಕಡಿತ) ಎಂದು ಲೆಕ್ಕವಾಗಿ ಶಿಕ್ಷೆಯಲ್ಲಿ ಕಳೆಯುತ್ತವೆ, ಪೆರೋಲ್ ದಿನಗಳು ಕಳೆಯುವುದಿಲ್ಲ. ಗೋವಾದ 2006ರ ನಿಯಮದಲ್ಲಿ ಎರಡೂ ಮಾಫಿಯೇ ಆಗಿದ್ದವು. ಆದರೆ 2023ರ ಜನವರಿ 5ರಂದು ಗೋವಾದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್, ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷದ ನಿಜ ಜೈಲುವಾಸದಲ್ಲಿ ಪೆರೋಲ್ ದಿನಗಳನ್ನು ಸೇರಿಸುವಂತಿಲ್ಲ ಎಂದಿತು. ವಾಸ್ಕೋ, ಮಡಗಾಂವ್ ಕಡೆಯ ನಮ್ಮ ಕುಟುಂಬಗಳು 14 ವರ್ಷ ಎಣಿಸುವಾಗ ಇದನ್ನು ಬಿಟ್ಟೇ ಎಣಿಸಬೇಕು.

ಮರಳುವ ದಿನದ ವಿಷಯದಲ್ಲಿ ಸಡಿಲ ಬೇಡವೇ ಬೇಡ. ವಿಸ್ತರಣೆಗೆ ಅರ್ಜಿ ಕೊಟ್ಟು ಉತ್ತರ ಬಾರದಿದ್ದರೆ ಅದು ವಿಸ್ತರಣೆ ಸಿಕ್ಕಂತಲ್ಲ. ಆದೇಶ ಕೈಯಲ್ಲಿಲ್ಲದಿದ್ದರೆ ಮೊದಲ ತಾರೀಖಿಗೇ ಗೇಟಿನಲ್ಲಿರಬೇಕು. ಕಲಬುರಗಿಯಿಂದ ಬರುವವರು ಹಿಂದಿನ ದಿನದ ರೈಲನ್ನೇ ಹತ್ತಲಿ.